ಬಂದರಿನಲ್ಲಿ ಬೇಲಿ, ತೋಟದಲ್ಲಿ ಬೋರು

ಚಿತ್ರದುರ್ಗದ ಎಪಿಎಂಸಿ ಪ್ರಾಂಗಣ. ಅಪಿ, ಬೆಟ್ಟೆ, ಕೆಂಪುಗೋಟು, ರಾಶಿ ಎಂದು ಜಾತಿವಾರು ಜೋಡಿಸಿಟ್ಟ ಚೀಲಗಳು. ವ್ಯಾಪಾರಿಯೊಬ್ಬರು ಒಂದು ಚೀಲದ ಬಾಯಿ ಬಿಚ್ಚಿ, ಹಿಡಿ ಅಡಿಕೆ ತೆಗೆದು, ಒಂದನ್ನು ಅಡಕತ್ತರಿಯಲ್ಲಿ ಸೀಳಿ ಒಳಗಿನ ಬಣ್ಣ ನೋಡಿ, ಏನೂ ಹೇಳದೆ ಮುಂದೆ ಹೋದರು. ಸೀಳಿಸಿಕೊಳ್ಳದೆ ಉಳಿದ ಭೀಮಸಮುದ್ರದ ರಾಶಿ ಅಡಿಕೆಯೊಂದು ನಮ್ಮ ಮಾತಿಗೆ ಸಿಕ್ಕಿತು. ಮೈಮೇಲೆ ಚೊಗರಿನ ಹೊಳಪು, ಮಾತಿನಲ್ಲಿ ಒಗರು.

ಮಾನ್ಯರೇ, ತಮಗೆ ಸರ್ಕಾರದ ರಕ್ಷಣೆ ಇದೆಯಂತೆ?

ಮಂತ್ರಿಗಳಿಗೆ ಝಡ್ ಪ್ಲಸ್, ನನಗೆ 351. ಕೆಜಿಗೆ 351 ರೂಪಾಯಿಗಿಂತ ಅಗ್ಗದ ವಿದೇಶಿ ಅಡಿಕೆ ದೇಶದೊಳಗೆ ಕಾಲಿಡುವಂತಿಲ್ಲ. 2017ರಲ್ಲಿ ಈ ಕನಿಷ್ಠ ಆಮದು ಬೆಲೆ 251 ಇತ್ತು. 2023ರ ಫೆಬ್ರವರಿಯಲ್ಲಿ ಇನ್ನೂ ನೂರು ಏರಿಸಿದರು.

ಆ ವರ್ಷ ಮೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ ಇತ್ತಲ್ಲವೇ?

ಇತ್ತು. ಕಾಕತಾಳೀಯ. ಲೆಕ್ಕ ಪೂರ್ತಿ ಕೇಳಿ: ಇದರ ಮೇಲೆ ನೂರಕ್ಕೆ ನೂರು ಸುಂಕ. ರಿಯಾಯಿತಿ ಒಪ್ಪಂದ ಇಲ್ಲದ ದೇಶದವನು 351ಕ್ಕೆ ತಂದರೂ ಇಲ್ಲಿ ಇಳಿಸುವಷ್ಟರಲ್ಲಿ 702. ನನ್ನ ದರ ಕ್ವಿಂಟಲ್‌ಗೆ 50,000 ದಾಟಿದಾಗಲೂ ಕೆಜಿಗೆ ಐನೂರರ ಆಸುಪಾಸು. ನನ್ನೆದುರು ಅವನು ಅಂಗಡಿ ತೆರೆಯುವುದು ಹೇಗೆ?

ಯಾವ ದೇಶಕ್ಕೆ ಯಾವುದು ಸಲೀಸೋ ಅದನ್ನು ಬೆಳೆದು, ಉಳಿದದ್ದನ್ನು ಕೊಂಡರೆ ಎಲ್ಲರಿಗೂ ಲಾಭ ಎಂದು ಅರ್ಥಶಾಸ್ತ್ರಜ್ಞ ರಿಕಾರ್ಡೊ 1817ರಲ್ಲೇ ಹೇಳಿದ್ದರು.

ಅವರು ಹೇಳಿದ್ದು ಇಂಗ್ಲೆಂಡಿನ ಬಟ್ಟೆ, ಪೋರ್ಚುಗಲ್ಲಿನ ದ್ರಾಕ್ಷಾರಸದ ಲೆಕ್ಕ. ನಾನು ಮರ ಕಣ್ರೀ. ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ. ಇಂಡೋನೇಷ್ಯಾದಲ್ಲಿ ಬೆಲೆ ಬಿತ್ತು ಅಂತ ಹೊಳಲ್ಕೆರೆಯ ರೈತ ಈ ವರ್ಷ ಮರ ಕಡಿದು ರಾಗಿ ಬಿತ್ತಿ, ಬೆಲೆ ಎದ್ದ ವರ್ಷ ಮರ ಎತ್ತಿ ನಿಲ್ಲಿಸಲಾಗುತ್ತದೆಯೇ? ಚಳ್ಳಕೆರೆ ನೋಡಿ. ಶೇಂಗಾದಿಂದ ಎಣ್ಣೆ ನಗರ ಅನ್ನಿಸಿಕೊಂಡ ಊರು. ಬರವೂ ಹೊಡೆಯಿತು, 1994ರಲ್ಲಿ ಆಮದಿನ ಬಾಗಿಲು ತೆರೆದ ಮೇಲೆ ಬಂದ ಪಾಮೋಲಿನ್ನೂ ಹೊಡೆಯಿತು. ಎಷ್ಟೋ ಮಿಲ್ಲುಗಳು ಬೀಗ ಹಾಕಿದವು. ಅಗ್ಗದ ಎಣ್ಣೆಯಲ್ಲಿ ಬೋಂಡ ಕರಿದು ತಿಂದವರು ಬೀಗ ಹಾಕಿದವರ ಮನೆಗೇನೂ ಪಾಲು ಕಳಿಸಲಿಲ್ಲ.

ಒಪ್ಪುವ ಮಾತು. ಆದರೆ ಎಳೆಯ ಉದ್ಯಮ ಬೆಳೆದು ನಿಲ್ಲುವವರೆಗೆ ಮಾತ್ರ ಆಸರೆ ಕೊಡಬೇಕು ಎನ್ನುವುದು ಅಮೆರಿಕದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಕಾಲದಿಂದ ಬಂದ ವಾದ. ತಮ್ಮ ವಯಸ್ಸು?

ಪಾಳೆಯಗಾರರ ಕಾಲದ ರಣವೀಳ್ಯದ ತಟ್ಟೆಯಲ್ಲೂ ನಾನಿದ್ದೆ. ಅರ್ಜಿಯಲ್ಲಿ ಮಾತ್ರ ಕೂಸು ಅಂತ ಬರೆಸುತ್ತೇನೆ.

ಬೇಲಿ ಭದ್ರವಾಗಿದೆಯೇ?

2022ರಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಲು ಕನಿಷ್ಠ ಬೆಲೆಯ ಷರತ್ತು ಬೇಡ ಅಂದರು. ದೇಶದ ಬೆಳೆ ಹತ್ತು ಲಕ್ಷ ಟನ್ ಮೀರುತ್ತದೆ. ಆದರೂ ಮಲೆನಾಡಿನಿಂದ ಬಯಲುಸೀಮೆವರೆಗೆ ಹೌಹಾರಿದೆವು. ಭೂತಾನ್ ಪಾಪ, ಕೇಳಿಕೊಂಡು ಬಂತು. ಕೇಳದೆ ಬರುವವರೇ ಬೇರೆ. ಬರ್ಮಾದ ಅಡಿಕೆ ಮಿಜೋರಾಂ ಗುಡ್ಡ ಇಳಿಯುತ್ತದೆ. ಇಂಡೋನೇಷ್ಯಾದ್ದು ಬೇರೆ ದೇಶದ ಮೂಲಪತ್ರ ಹಿಡಿದು ಬರುತ್ತದೆ ಅನ್ನುವ ಆರೋಪ ಇದೆ. ಬೇಲಿ ಎತ್ತರವಾದಷ್ಟೂ ಹಾರುವವನ ಕೂಲಿ ಹೆಚ್ಚುತ್ತದೆ.

*(ಈ ಹೊತ್ತಿಗೆ ಪಕ್ಕದ ಲಾರಿಯಿಂದ ಹಿರಿಯೂರಿನ ಈರುಳ್ಳಿಯೊಂದು ಬಲೆಚೀಲದಿಂದ ಇಣುಕಿತು.)*

ಈರುಳ್ಳಿ: ನಮ್ದೂ ಒಸಿ ಬರ್ಕಳಿ ಸ್ವಾಮಿ. 2023ರ ಆಗಸ್ಟಿನಾಗೆ ನನ್ ರಫ್ತಿಗೆ ನೂರಕ್ಕೆ 40 ಸುಂಕ ಹಾಕಿದ್ರು. ಡಿಸೆಂಬರಿನಾಗೆ ರಫ್ತೇ ಬಂದ್. 2024ರ ಮೇನಾಗೆ ಬಾಗ್ಲು ತೆಗೆದ್ರು, ಜೊತೆಗೇ ಅದೇ 40 ಸುಂಕ ಹಾಕಿದ್ರು. ಪೂರ್ತಿ ತೆಗೆದಿದ್ದು 2025ರ ಏಪ್ರಿಲ್ ಒಂದಕ್ಕೆ. ಈವಯ್ಯನಿಗೆ ಹೊರಗ್ನೋರು ಒಳಗೆ ಬರಬಾರ್ದು, ನಾನು ಒಳಗಿದ್ದೋನು ಹೊರಗೆ ಹೋಗಬಾರ್ದು. ಒಂದೇ ಜಿಲ್ಲೆ, ಒಂದೇ ಡೆಲ್ಲಿ. ಇದ್ಯಾವ ನ್ಯಾಯ?

ಅಡಿಕೆಯವರೇ, ಉತ್ತರಿಸುತ್ತೀರಾ?

ಅದು ದುಬಾರಿಯಾದರೆ ಸರ್ಕಾರ ಬೀಳುತ್ತದೆ. 1998ರಲ್ಲಿ ದೆಹಲಿಯಲ್ಲಿ ಆದದ್ದು ಯಾವ ಪಕ್ಷವೂ ಮರೆತಿಲ್ಲ. ನಾನು ದುಬಾರಿಯಾದರೆ ಯಾರು ಬೀದಿಗಿಳಿಯುತ್ತಾರೆ? ಪಾನ್ ಮಸಾಲಾ ಪೊಟ್ಟಣದಲ್ಲಿ ಎರಡು ಚೂರು ಕಡಿಮೆಯಾಗುತ್ತದೆ, ಅಷ್ಟೆ. ತಿನ್ನುವವರು ಚದುರಿದ್ದಾರೆ, ಬೆಳೆಯುವವರು ಒಂದೇ ಕಡೆ ಇದ್ದಾರೆ. ಅರ್ಥಶಾಸ್ತ್ರ ನೀವು ಓದಿ, ಮತಪಟ್ಟಿ ನಾನು ಓದುತ್ತೇನೆ.

ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ಅಂಗ 2004ರಲ್ಲೇ ವರದಿ ಕೊಟ್ಟಿದೆ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಗಿದೆ.

ಆರೋಗ್ಯ ಇಲಾಖೆಯ ಪ್ರಶ್ನೆಯನ್ನು ವಾಣಿಜ್ಯ ಇಲಾಖೆಯ ಸಂದರ್ಶನದಲ್ಲಿ ಕೇಳಬೇಡಿ. ಒಂದು ಕೈ ಬೈಯುತ್ತದೆ, ಇನ್ನೊಂದು ಕೈ ಕಾಯುತ್ತದೆ. ನಾನು ಎರಡನೆಯದನ್ನು ಹಿಡಿದುಕೊಂಡಿದ್ದೇನೆ.

ಈ ಒಳ್ಳೆಯ ದರ ಯಾರ ಕೈಸೇರಿತು?

ಕೊಯ್ಲಿಗೆ ಮೊದಲೇ ತೋಟ ಖೇಣಿ ಕೊಟ್ಟ ಸಣ್ಣ ರೈತನಿಗೆ ಖೇಣಿಯ ಮೊತ್ತವಷ್ಟೇ. ಗೋದಾಮು ಇದ್ದವನಿಗೆ ಹೆಚ್ಚು, ನಾನು ವರ್ಷಗಟ್ಟಲೆ ಕಾಯಬಲ್ಲೆನಲ್ಲ. ರಾತ್ರಿಯೆಲ್ಲ ಕೂತು ಸುಲಿದ ಹೆಂಗಸರಿಗೆ ಕೆಜಿ ಲೆಕ್ಕದ ಕೂಲಿ. ನನ್ನ ದರ ಜಿಗಿದ ದಿನವೇ ಅದು ಜಿಗಿದದ್ದನ್ನು ನಾನು ಕಂಡಿಲ್ಲ.

ಬೇಲಿಯ ಒಳಗೆ ಸಿಕ್ಕ ಇಷ್ಟು ವರ್ಷಗಳಲ್ಲಿ ಏನು ಮಾಡಿದಿರಿ? ಖರ್ಚು ಇಳಿಸಿದಿರಾ, ಬೇರೆ ಬೆಳೆ ಜೊತೆಗೂಡಿಸಿದಿರಾ?

ಇನ್ನೊಂದು ತೋಟ ಹಾಕಿಸಿದೆ. ಹೊಳಲ್ಕೆರೆ, ಹೊಸದುರ್ಗದ ಕಡೆ ರಾಗಿ ಹೊಲಗಳಲ್ಲೂ ಈಗ ನನ್ನದೇ ಸಸಿ. ಮೊದಲು ಬೋರು, ಅದು ಬತ್ತಿದರೆ ಇನ್ನೊಂದು ಬೋರು, ಅದೂ ಬತ್ತಿದರೆ ಟ್ಯಾಂಕರು.

ನೀರು?

ಭದ್ರಾ ಮೇಲ್ದಂಡೆ ನೀರಾವರಿ ಯೋಜನೆ ಇದೆಯಲ್ಲ! 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ.

ಬಂತೇ?

ಘೋಷಣೆ ಬಂತು.

ಎಲ್ಲರೂ ನಿಮ್ಮನ್ನೇ ನೆಟ್ಟರೆ ದರ ತಾನಾಗಿ ಬೀಳುವುದಿಲ್ಲವೇ?

*(ಮೊದಲ ಬಾರಿಗೆ ತಡವರಿಸಿ)* ಅದೊಂದೇ ನನಗೂ ಬಗೆಹರಿಯದ್ದು. ಇಂಡೋನೇಷ್ಯಾದವನನ್ನು ಬಂದರಿನಲ್ಲಿ ತಡೆಯಬಹುದು. ಹೊಸದುರ್ಗದ ಹೊಸ ತೋಟವನ್ನು ಯಾವ ಬಂದರಿನಲ್ಲಿ ತಡೆಯಲಿ? ಹೊರಗಿನವನನ್ನು ಓಡಿಸಿದ ದರವೇ ಒಳಗಿನವನನ್ನು ಕರೆತಂದಿತು.

ಹಾಗಿದ್ದರೆ ರಕ್ಷಣೆಗೊಂದು ಗಡುವು ಹಾಕಿ, ಅಷ್ಟರೊಳಗೆ ಹನಿ ನೀರಾವರಿ, ಮಿಶ್ರಬೆಳೆ, ಬೆಳೆವಿಮೆಗೆ ದುಡ್ಡು ಹಾಕಿಸಬಾರದೇ?

ಖಂಡಿತ ಹಾಕಿಸೋಣ. ಚುನಾವಣೆ ಮುಗಿಯಲಿ.

ಯಾವ ಚುನಾವಣೆ?

ಮುಂದಿನದು.

ಈರುಳ್ಳಿ: ನಂಗೂ ಒಂದು ಗಡುವು ಬರ್ಸಿ ಸ್ವಾಮಿ. ಚುನಾವಣೆದು ಬ್ಯಾಡ, ನಾನು ಕೊಳೆಯಾಕೆ ಮುಂಚೆ ಅಂತ ಬರ್ಸಿ.