ತೂಕದ ಮನುಷ್ಯ

ನಮ್ಮ ಭಾವ ತೂಕದ ಮನುಷ್ಯ. ಇದು ಹೊಗಳಿಕೆಯಲ್ಲ, ವಿಮಾನ ನಿಲ್ದಾಣದ ತಕ್ಕಡಿಗಳು ಹೇಳುವ ಸಾಕ್ಷಿ. ಪೆಟ್ಟಿಗೆಗೆ 23 ಕೆಜಿ ಎಂಬ ನಿಯಮವನ್ನು ಬೇರೆಯವರಿಗಾಗಿ ಮಾಡಿದ್ದಾರೆ ಎಂದೇ ಅವರು ಕೊನೆಯತನಕ ನಂಬಿದ್ದರು. ಬ್ಯಾಡಗಿ ಮೆಣಸಿನಕಾಯಿ, ಅರಸೀಕೆರೆ ಕೊಬ್ಬರಿ, ಒಂದು ಸಲವಂತೂ ಅಕ್ಕನಿಗೆ ಈಳಿಗೆಮಣೆ. ತಕ್ಕಡಿ 26 ತೋರಿಸಿದರೆ ಕೌಂಟರಿನ ಹುಡುಗಿಗೆ, "ತಕ್ಕಡಿಗೆ ಯಾಕೋ ಹುಷಾರಿಲ್ಲ ಕಣಮ್ಮಾ" ಅನ್ನುವರು. ಅವಳು ನಗಲಿಲ್ಲವೋ, ಕೊನೆಯ ಅಸ್ತ್ರ ಹೊರಬರುತ್ತಿತ್ತು: ಉಣ್ಣೆ ಕೋಟು. ಅದಕ್ಕೆ ಒಳಗೂ ಹೊರಗೂ ಸೇರಿ ಒಂಬತ್ತು ಜೇಬು. ಎರಡು ಅಕ್ಕನೇ ಹೊಲಿದದ್ದು. ಹೆಚ್ಚಾದ ಮೂರು ಕೆಜಿ ಆ ಜೇಬುಗಳಿಗೆ ಇಳಿಯುತ್ತಿತ್ತು. ಮೇ ತಿಂಗಳ ಬೆಂಗಳೂರಿನಲ್ಲಿ ಬೆವರು ಸುರಿಸುತ್ತ, ಮೈತುಂಬ ಕೊಬ್ಬರಿ ಗಿಟಕು ಹೊತ್ತುಕೊಂಡು, ಮದುವಣಿಗನ ಹಾಗೆ ನಡೆಯುವರು.

ಆ ಕಡೆ ನ್ಯೂವಾರ್ಕಿನಲ್ಲಿ ಇಳಿದರೆ ಕಸ್ಟಮ್ಸಿನವರು ಅವರಿಗಾಗಿಯೇ ಕಾದಿದ್ದಂತೆ ಪೆಟ್ಟಿಗೆ ಬಿಚ್ಚಿಸುವರು. ಹುಣಸೆಹಣ್ಣಿನ ಕಪ್ಪು ಉಂಡೆಯನ್ನು ಬೆರಳಿನಿಂದ ಒತ್ತಿ ಇದೇನೆಂದು ಕೇಳಿದ ಒಬ್ಬ ಅಧಿಕಾರಿಗೆ ಭಾವ ಸಾರು ಮಾಡುವುದನ್ನು ಮೊದಲಿನಿಂದ ಹೇಳಿಕೊಟ್ಟರು. ಇನ್ನೂ ಒಗ್ಗರಣೆಗೆ ಬಂದಿರಲಿಲ್ಲ, ಆತ ಎರಡನೆಯ ಪೆಟ್ಟಿಗೆ ತೆರೆಸದೆ ಕಳಿಸಿಬಿಟ್ಟ.

ಎಡಿಸನ್‌ನ ಅವರ ಮನೆಯ ಬೇಸ್‌ಮೆಂಟಿನಲ್ಲಿ ನಾನು ಎರಡು ವರ್ಷ ಇದ್ದೆ. "ಒಂದು ವಾರ ಇರಯ್ಯಾ" ಎಂದು ಕರೆದುಕೊಂಡು ಹೋಗಿದ್ದರು. ಅಮೆರಿಕದ ಐವತ್ತು ರಾಜ್ಯಗಳಲ್ಲಿ ಅವರು ನ್ಯೂಜೆರ್ಸಿಯನ್ನೇ ಮೆಚ್ಚಿದ್ದು ಓಕ್ ಟ್ರೀ ರಸ್ತೆಯ ನಮ್ಮವರ ಅಂಗಡಿಗಳಿಗಾಗಿ ಅಲ್ಲ, ಪೆಟ್ರೋಲಿಗಾಗಿ. ಅಲ್ಲಿ ನಮ್ಮ ಕಾರಿಗೆ ನಾವೇ ಪೆಟ್ರೋಲ್ ಹಾಕಿಕೊಳ್ಳುವುದಕ್ಕೆ 1949ರಿಂದಲೂ ಕಾನೂನು ಬಿಡುವುದಿಲ್ಲ, ಬಂಕಿನ ಆಳೇ ಬಂದು ಹಾಕಬೇಕು. ಬೇರೆಯವರಿಗೆ ಇದು ತಡ, ಭಾವನಿಗೆ ಹರಟೆ. ಕಾರಿನ ಗಾಜು ಇಳಿಸಿ ಶುರುಮಾಡಿದರೆ ಹಿಂದಿನ ಕಾರಿನವನು ಹಾರ್ನ್ ಒತ್ತಿಯೇ ಒತ್ತಬೇಕು. ಅಲ್ಲಿದ್ದ ಪಂಜಾಬಿ ಹುಡುಗನಿಗೆ ಕನ್ನಡ ಕಲಿಸುತ್ತೇನೆಂದು ಹೊರಟು, ಮೂರು ವರ್ಷದಲ್ಲಿ ಒಂದೇ ವಾಕ್ಯ ಕಲಿಸಿದ್ದರು: "ಊಟ ಆಯ್ತಾ?" ಬೆಳಗ್ಗೆ ಏಳಕ್ಕೆ ಹೋದರೂ ಆ ಹುಡುಗ ಅದನ್ನೇ ಕೇಳುವನು. ಆಗಿರಲಿ, ಆಗದಿರಲಿ, ಭಾವ "ಆಯ್ತಪ್ಪಾ" ಅನ್ನುವರು.

ಮಾರ್ಚ್ ಕೊನೆಯ ಒಂದು ರಾತ್ರಿ ಊಟ ಮುಗಿಸಿ ಮಲಗಿದವರು ಏಳಲಿಲ್ಲ.

ಅಲ್ಲಿ ಸತ್ತ 24 ಗಂಟೆಯೊಳಗೆ ದಹನ ಮಾಡುವಂತಿಲ್ಲ. ಅಕ್ಕ ಅದನ್ನು ಕೇಳಿ, "ಯಾರ ಮನೆಯಿಂದ ಹೊರಡೋದಕ್ಕೂ ಅವರಿಗೆ ಅಷ್ಟು ಹೊತ್ತು ಬೇಕೇ ಬೇಕು ಬಿಡು" ಅಂದಳು. ನಿಜ. ಹೊರಡುತ್ತೇವೆಂದು ಎದ್ದು, ಬಾಗಿಲಲ್ಲಿ ನಿಂತು, ಒಂದು ಕಾಲಿಗೆ ಶೂ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ಮುಕ್ಕಾಲು ಗಂಟೆ ಮಾತಾಡುತ್ತಿದ್ದವರು.

ಫ್ಯೂನರಲ್ ಹೋಮಿನವರು ಎಷ್ಟು ಜನ ಬರುತ್ತಾರೆಂದು ಕೇಳಿದಾಗ ನಾನು ಐವತ್ತು ಎಂದಿದ್ದೆ. ಪಾರ್ಕಿಂಗ್ ತುಂಬಿ ಕಾರುಗಳು ಪಕ್ಕದ ಬೀದಿಗೆ ಹೋದವು. ಎಲ್ಲರೂ ಸಾಲಾಗಿ ಬಂದು ಅಕ್ಕನ ಕೈ ಹಿಡಿದು ಮೆಲ್ಲಗೆ ಇಂಗ್ಲಿಷಿನಲ್ಲಿ ಏನೋ ಹೇಳಿ ಮುಂದೆ ಹೋಗುತ್ತಿದ್ದರು. ಅಕ್ಕ ಕಲ್ಲಿನ ಹಾಗೆ ಕೂತಿದ್ದಳು. ಸಾಲಿನ ಕೊನೆಗೆ ಬಂಕಿನ ಯೂನಿಫಾರ್ಮಿನಲ್ಲೇ ಆ ಪಂಜಾಬಿ ಹುಡುಗ. ಹತ್ತಿರ ಬಂದ, ಬಾಯಿ ತೆರೆದ, ಮಾತು ಹೊರಡಲಿಲ್ಲ. ಆಮೇಲೆ ತನಗೆ ಗೊತ್ತಿದ್ದ ಒಂದೇ ಕನ್ನಡ ಹೇಳಿದ:

"ಊಟ ಆಯ್ತಾ, ಅಕ್ಕಾ?"

ಆಗಿರಲಿಲ್ಲ. ಎರಡು ದಿನದಿಂದ ಆಗಿರಲಿಲ್ಲ. ಅಷ್ಟೊಂದು ಕನ್ನಡಿಗರು ಬಂದಿದ್ದೆವು, ಯಾರೂ ಕೇಳಿರಲಿಲ್ಲ. ಅಕ್ಕ ಮೊದಲು ನಕ್ಕಳು, ಆಮೇಲೆ ಅತ್ತಳು. ಅವತ್ತು ರಾತ್ರಿ ಒಂದು ತುತ್ತು ಮೊಸರನ್ನ ತಿಂದಳು.

ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಡುವುದೆಂದಾಯಿತು. ಪೆಟ್ಟಿಗೆ ತೂಗುವ ಕೊಕ್ಕೆ ತಕ್ಕಡಿಗೆ ಆ ಚೀಲ ಸಿಕ್ಕಿಸಿ ನೋಡಿದೆ. ಮೂರು ಕೆಜಿಯೂ ಇರಲಿಲ್ಲ. ವಿಮಾನ ನಿಲ್ದಾಣದ ಭದ್ರತೆಯವರು ಚಿತಾಭಸ್ಮದ ಡಬ್ಬಿಯನ್ನು ಎಕ್ಸ್‌ರೇಯಲ್ಲಿ ನೋಡುತ್ತಾರೆಯೇ ಹೊರತು, ಬೇಡಿಕೊಂಡರೂ ತೆರೆಯುವುದಿಲ್ಲ. ಹಾಗಾಗಿ ಭಾವ ತಮ್ಮ ಜೀವಮಾನದಲ್ಲಿ ಮೊದಲ ಸಲ (ಜೀವಮಾನ ಅನ್ನುವುದು ಇಲ್ಲಿ ಸರಿಯೋ ಏನೋ) ಯಾರಿಗೂ ಯಾವ ಪುಡಿಯನ್ನೂ ವಿವರಿಸದೆ ಗೇಟು ದಾಟಿದರು.

ಅದಕ್ಕೂ ಮುಂಚೆ ಕೌಂಟರಿನಲ್ಲಿ ಒಂದು ಪ್ರಸಂಗ ಆಗಿತ್ತು. ಊರಿನ ಮಕ್ಕಳಿಗೆ ಭಾವ ಎಂದೂ ಬರಿಗೈಯಲ್ಲಿ ಹೋದವರಲ್ಲ ಎಂದು ಅಕ್ಕ ಎರಡೂ ಪೆಟ್ಟಿಗೆಗೆ ಚಾಕೊಲೇಟು, ಬಾದಾಮಿ ತುಂಬಿದ್ದಳು. ತಕ್ಕಡಿ ಒಂದಕ್ಕೆ 24, ಇನ್ನೊಂದಕ್ಕೆ 25 ತೋರಿಸಿತು. ಅಕ್ಕ ನನ್ನ ಮುಖ ನೋಡಿದಳು. ಕೈಚೀಲದಿಂದ ಕೋಟು ತೆಗೆದಳು.

ಬೆಂಗಳೂರಿನಲ್ಲಿ ಇಳಿದಾಗ ಏಪ್ರಿಲ್ ಸೆಖೆ. ನನ್ನ ಮೈಮೇಲೆ ಭಾವನ ಉಣ್ಣೆ ಕೋಟು, ಒಂಬತ್ತು ಜೇಬುಗಳಲ್ಲಿ ಮೂರು ಕೆಜಿ ಬಾದಾಮಿ.