ಉಪ್ಪಿನ ಡಬ್ಬಿ ಹಿಡಿದ ಡಾಕ್ಟರು

ನನ್ನ ಬ್ಲಾಗಿನಲ್ಲಿ ಬರಹಗಳಿಗಿಂತ ಪ್ಲಗಿನ್‌ಗಳೇ ಜಾಸ್ತಿ. ಸ್ಪ್ಯಾಮ್ ತಡೆಯಲು ಒಂದು, ಬ್ಯಾಕಪ್ಪಿಗೆ ಒಂದು, ಬಂದು ಹೋದವರನ್ನು ಎಣಿಸಲು ಒಂದು. ಎಣಿಸುವ ಭಾರಕ್ಕೆ ಸೈಟು ಏದುಸಿರು ಬಿಡತೊಡಗಿದ್ದರಿಂದ ಅದನ್ನು ಚುರುಕು ಮಾಡಲು ಮತ್ತೊಂದು. ಇಷ್ಟೆಲ್ಲ ಪಹರೆ ದಾಟಿ ಬಂದವರು ಯಾರೆಂದು ನೋಡಿದರೆ ಬಹುಪಾಲು ಗೂಗಲಿನ ಹುಡುಕುಯಂತ್ರ, ಉಳಿದದ್ದು ನಾನೇ. “ಬರೀ ಬಾಗಿಲ ಬೀಗ ಬದಲಾಯಿಸ್ತಾ ಕೂತ್ರೆ ಗೃಹಪ್ರವೇಶ ಯಾವಾಗ್ರೀ?” ಎನ್ನುತ್ತಾಳೆ ಹೆಂಡತಿ. ನನ್ನ ಹತ್ತಿರ ಉತ್ತರ ಸಿದ್ಧವಿದೆ: ಹೊಸ ಥೀಮ್ ಹಾಕಿದ ಮೇಲೆ.

ಹಗಲು ನಾನು ಲೆಕ್ಕಪತ್ರದವನು. ವೋಚರು, ಜಿಎಸ್‌ಟಿ, ಎಷ್ಟು ತಿಣುಕಿದರೂ ತಾಳೆಯಾಗದ ಹದಿನೆಂಟು ರೂಪಾಯಿ, ಇವುಗಳ ಜತೆ ಸಂಸಾರ. ರಾತ್ರಿ ಊಟವಾದ ಮೇಲೆ ಮೂರು ಚಟಗಳು ಸರದಿಯ ಮೇಲೆ ಹಾಜರಾಗುತ್ತವೆ: ಬ್ಲಾಗಿನ ತಂತ್ರಾಂಶ ಕೆದಕುವುದು, ಹಳೆಯ ವೈಜ್ಞಾನಿಕ ಧಾರಾವಾಹಿ ನೋಡುವುದು, ವಿಡಿಯೊ ಗೇಮ್ ಆಡುವುದು. ಐವತ್ತು ದಾಟಿದ ಗಂಡಸಿಗೆ ಒಪ್ಪುವ ಹವ್ಯಾಸಗಳು ಯಾವುವು ಎಂಬುದನ್ನು ನಮ್ಮ ಬಡಾವಣೆಯವರು ಎಂದೋ ತೀರ್ಮಾನಿಸಿಯಾಗಿದೆ. ಬೆಳಗಿನ ವಾಕಿಂಗ್, ಭಜನಾ ಮಂಡಳಿ, ಸೈಟಿನ ರೇಟು. ಒಮ್ಮೆ ನಾನು “ರಾತ್ರಿಯೆಲ್ಲ ನನ್ನ ಸೈಟಿನ ಕೆಲಸವೇ ಆಯ್ತು” ಎಂದಾಗ ನಮ್ಮ ಷಡ್ಡಕರು ಕಣ್ಣರಳಿಸಿ, “ಎಲ್ಲಿ? ಮೂವತ್ತು ನಲವತ್ತಾ? ಕಾರ್ನರ್ರಾ?” ಎಂದು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಿದ್ದರು.

ನನ್ನ ಬ್ಲಾಗನ್ನು ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್ ಹುಟ್ಟಿದ್ದೇ ಇಂಥ ಕೆದಕುವವರ ಕೈಯಲ್ಲಿ. ಮಿಶೆಲ್ ವಾಲ್ಡ್ರಿಗಿ ಎಂಬಾತ ಬರೆದ ಬಿ2 ಎಂಬ ಬ್ಲಾಗ್ ತಂತ್ರಾಂಶವಿತ್ತು. ಒಂದು ಹಂತದಲ್ಲಿ ಆತ ಸದ್ದಿಲ್ಲದೆ ಮರೆಯಾಗಿಬಿಟ್ಟ. ಅದನ್ನೇ ನೆಚ್ಚಿಕೊಂಡಿದ್ದ ಹ್ಯೂಸ್ಟನ್ನಿನ ಹತ್ತೊಂಬತ್ತರ ಹುಡುಗ ಮ್ಯಾಟ್ ಮಲ್ಲೆನ್‌ವೆಗ್ 2003ರ ಜನವರಿಯಲ್ಲಿ, ಇದನ್ನು ನಾವೇ ಮುಂದುವರಿಸಿದರೆ ಹೇಗೆ ಎಂದು ತನ್ನ ಬ್ಲಾಗಿನಲ್ಲಿ ಬರೆದ. ಇಂಗ್ಲೆಂಡಿನ ಮೈಕ್ ಲಿಟಲ್ ಕೈಜೋಡಿಸಲು ಒಪ್ಪಿದ. ಮೇ 27ಕ್ಕೆ ಮೊದಲ ಆವೃತ್ತಿ ಹೊರಬಂತು. ಇವತ್ತು ಜಗತ್ತಿನ ಜಾಲತಾಣಗಳಲ್ಲಿ ಹತ್ತಕ್ಕೆ ನಾಲ್ಕು ಇದರ ಮೇಲೇ ನಿಂತಿವೆ. ಆವೃತ್ತಿಗಳಿಗೆ ಜಾಝ್ ಕಲಾವಿದರ ಹೆಸರಿಡುವುದು ಅವರ ಪದ್ಧತಿ, 1.0ಗೆ ಮೈಲ್ಸ್ ಡೇವಿಸ್ ಹೆಸರು. ತಂತ್ರಾಂಶದ ಜತೆಯಲ್ಲೇ ‘ಹಲೋ ಡಾಲಿ’ ಎಂಬ ಪ್ಲಗಿನ್ ಒಂದು ಬರುತ್ತಿತ್ತು. ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ ಹಾಡಿನ ಒಂದೊಂದು ಸಾಲನ್ನು ಮೂಲೆಯಲ್ಲಿ ತೋರಿಸುವುದು ಬಿಟ್ಟರೆ ಅದು ಬೇರೇನನ್ನೂ ಮಾಡುವುದಿಲ್ಲ. ನನ್ನ ಸೈಟಿನಲ್ಲಿ ಇದುವರೆಗೆ ಒಮ್ಮೆಯೂ ಕೈಕೊಡದ ಪ್ಲಗಿನ್ ಅದೊಂದೇ. ಏನೂ ಮಾಡದವರ ಮೇಲೆ ದೂರು ಬರುವುದಿಲ್ಲ ಎಂಬುದು ನಮ್ಮ ಆಫೀಸಿನಲ್ಲೂ ಸಾಬೀತಾಗಿರುವ ವಿಷಯ.

ಐದೇ ನಿಮಿಷದಲ್ಲಿ ಸ್ಥಾಪಿಸಬಹುದು ಎಂಬುದು ವರ್ಡ್‌ಪ್ರೆಸ್ಸಿನ ಹಳೆಯ ಹೆಗ್ಗಳಿಕೆ. ಸುಳ್ಳಲ್ಲ, ಐದು ನಿಮಿಷ ಸಾಕು. ಆರನೆಯ ನಿಮಿಷಕ್ಕೆ ಖಾಲಿ ಹಾಳೆಯೊಂದು ಎದುರಿಗೆ ಬಂದು ನಿಲ್ಲುತ್ತದಲ್ಲ, ಅಲ್ಲಿಂದ ಮುಂದೆ ವರ್ಷಗಳು ಕಳೆಯುತ್ತವೆ. ಬರೆಯಲು ತೋಚದವನು ಬಣ್ಣ ಬದಲಾಯಿಸುತ್ತಾನೆ, ಬಣ್ಣ ಮುಗಿದರೆ ಫಾಂಟು. ಪ್ಲಗಿನ್‌ಗಳೋ, ಅಧಿಕೃತ ಭಂಡಾರದಲ್ಲೇ 50,000ಕ್ಕೂ ಹೆಚ್ಚಿವೆ. ಒಬ್ಬ ಸಾಮಾನ್ಯ ಸೋಮಾರಿಗೆ ಒಂದು ಜನ್ಮಕ್ಕಾಗುವಷ್ಟು.

ಕನ್ನಡದವನಿಗೆ ಕೆದಕಲು ಇನ್ನಷ್ಟು ಗೌರವಾನ್ವಿತ ಕಾರಣಗಳಿವೆ. ಒಂದು ಕಾಲಕ್ಕೆ ‘ನುಡಿ’, ‘ಬರಹ’ ಎಂಬ ತಂತ್ರಾಂಶಗಳಲ್ಲಿ ಟೈಪಿಸಿ ಹಾಕಿದ್ದನ್ನು, ಅದೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅನ್ಯಗ್ರಹದವರ ಲಿಪಿ ಕಾಣುತ್ತಿತ್ತು. ಯೂನಿಕೋಡ್ ಬಂತು, ವಿಂಡೋಸ್ ಎಕ್ಸ್‌ಪಿಯ ಜತೆ ತುಂಗಾ ಫಾಂಟೂ ಬಂತು, ಆ ಕಷ್ಟ ತೀರಿತು. ಆದರೆ ಥೀಮ್ ಮಾಡುವವರು ಇಂಗ್ಲಿಷ್ ಅಕ್ಷರವನ್ನು ನೋಡಿ ಸಾಲಿನ ಎತ್ತರ ನಿಗದಿ ಮಾಡುವವರು. ನಮ್ಮ ಒತ್ತಕ್ಷರಕ್ಕೊಂದು ನೆಲಮಾಳಿಗೆ ಬೇಕು ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ಶೀರ್ಷಿಕೆಯಲ್ಲಿ ‘ಸ್ತ್ರೀ’ ಎಂದು ಬರೆದರೆ ಕೆಳಗಿನ ಎರಡು ಒತ್ತೂ ಕತ್ತರಿಸಿಹೋಗಿ ‘ಸೀ’ ಉಳಿಯುತ್ತದೆ. ಆ ಒತ್ತುಗಳಿಗೆ ಜಾಗ ಮಾಡಿಕೊಡುವುದರಲ್ಲಿ ನಾನು ಕಳೆದ ರಾತ್ರಿಗಳನ್ನು ಭಾಷಾಸೇವೆ ಎಂದು ಯಾರಾದರೂ ಪರಿಗಣಿಸಿದರೆ ಬೇಡ ಎನ್ನುವುದಿಲ್ಲ.

ಇದಕ್ಕಿಂತ ರುಚಿಯಾದದ್ದು ವಿಳಾಸದ ವಿಷಯ. ಬರಹದ ಶೀರ್ಷಿಕೆಯನ್ನೇ ಹಿಡಿದು ವರ್ಡ್‌ಪ್ರೆಸ್ ಅದರ ಕೊಂಡಿಯನ್ನು ಕಟ್ಟುತ್ತದೆ. ಡೇಟಾಬೇಸಿನಲ್ಲಿ ಅದಕ್ಕಿರುವ ಜಾಗ 200 ಅಕ್ಷರದಷ್ಟು. ಇಂಗ್ಲಿಷಿಗೆ ಅದು ಬಟಾಬಯಲು. ಕನ್ನಡದಲ್ಲಾದರೆ ಮೂಲಾಕ್ಷರ, ಗುಣಿತದ ಗುರುತು, ಒತ್ತು ಹಾಕಲು ನಡುವೆ ಬರುವ ಹಲಂತ, ಇವು ಒಂದೊಂದೂ ಒಂಬತ್ತೊಂಬತ್ತು ಮನೆ ನುಂಗುತ್ತವೆ. ಇಪ್ಪತ್ತೆರಡಾಗುವಷ್ಟರಲ್ಲಿ ಜಾಗ ಖಾಲಿ, ಮಿಕ್ಕದ್ದಕ್ಕೆ ಕತ್ತರಿ. ಎದುರು ಬಂದು ಮೂಸಿ ನೋಡಿ ಸುಮ್ಮನೆ ಹೋದ ಒಂದು ಸಾಧು ಪ್ರಾಣಿಯ ಬಗ್ಗೆ ‘ಪಕ್ಕದ ಮನೆಯವರ ನಾಯಿ ಕಚ್ಚಲಿಲ್ಲ’ ಎಂಬ ಬರಹ ಹಾಕಿದ್ದೆ. ವಿಳಾಸ ಎಲ್ಲಿಗೆ ನಿಲ್ಲುತ್ತದೆಂದು ಅನುಮಾನವಿದ್ದವರು ಕೂಡಿ ನೋಡಬಹುದು. ಅದು ‘ಪಕ್ಕದ-ಮನೆಯವರ-ನಾಯಿ-ಕಚ್ಚಲಿ’ ಎಂಬಲ್ಲಿಗೆ ನಿಂತಿತು. ನೆರೆಹೊರೆಯ ಸೌಹಾರ್ದದ ಬಗ್ಗೆ ಬರೆದದ್ದು ಹಿಡಿಶಾಪವಾಯಿತು. “ಪಾಪ, ಅವರು ನೋಡಿದ್ರೆ ಏನಂದ್ಕೊಂಡಾರು, ಬದಲಾಯಿಸ್ರೀ” ಎಂದಳು ಹೆಂಡತಿ. ನಾನು ಮುಟ್ಟಲಿಲ್ಲ. ನಿಜ ಹೇಳಬೇಕೆಂದರೆ ಬರಹಕ್ಕಿಂತ ವಿಳಾಸವೇ ಚೆನ್ನಾಗಿತ್ತು.

ಜಾಗ ಸಾಲದಾಗ, ದುಡ್ಡು ಸಾಲದಾಗ ಹುಟ್ಟುವ ಇಂಥ ಚಮತ್ಕಾರಕ್ಕೇ ನಾನು ಈ ಮೂರೂ ಚಟಗಳಿಗೆ ಅಂಟಿಕೊಂಡಿರುವುದು ಎಂದು ಕಾಣುತ್ತದೆ. ಸ್ಟಾರ್ ಟ್ರೆಕ್ಕನ್ನೇ ನೋಡಿ. 1966ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಶುರುವಾಯಿತು. ವಾರಕ್ಕೊಂದು ಹೊಸ ಗ್ರಹ. ಪ್ರತಿ ಗ್ರಹದ ಮೇಲೂ ಕಥೆಯ ದೊಡ್ಡ ಬಾಹ್ಯಾಕಾಶ ಹಡಗು ಇಳಿಯುವುದನ್ನು ತೋರಿಸಲು ಖರ್ಚು ವಿಪರೀತ. ನಿರ್ಮಾತೃ ಜೀನ್ ರಾಡನ್‌ಬೆರಿ ಯೋಚಿಸಿದ: ಹಡಗು ಇಳಿಯುವುದೇ ಬೇಡ, ಮನುಷ್ಯರನ್ನು ಇಲ್ಲಿ ಕರಗಿಸಿ ಅಲ್ಲಿ ಮೂಡಿಸಿದರಾಯಿತು! ಹಾಗೆ ಬಂದದ್ದು ಟ್ರಾನ್ಸ್‌ಪೋರ್ಟರ್. ಕರಗುವಾಗ ಕಾಣುವ ಆ ಮಿನುಗು, ಪ್ರಖರ ಬೆಳಕಿನಲ್ಲಿ ಉದುರಿಸಿ ಚಿತ್ರೀಕರಿಸಿದ ಅಲ್ಯೂಮಿನಿಯಂ ಪುಡಿ. ಮುಂದೆ ಲಾರೆನ್ಸ್ ಕ್ರೌಸ್ ಎಂಬ ಭೌತವಿಜ್ಞಾನಿ ಈ ಧಾರಾವಾಹಿಯ ಭೌತಶಾಸ್ತ್ರದ ಬಗ್ಗೆ ಇಡೀ ಪುಸ್ತಕವನ್ನೇ ಬರೆದರು. ಖರ್ಚು ತಪ್ಪಿಸಲು ಪ್ರಕೃತಿನಿಯಮವನ್ನೇ ಬಗ್ಗಿಸಿದ ಇನ್ನೊಂದು ಪ್ರಕರಣ ನನ್ನ ವೃತ್ತಿಯಲ್ಲಿ ಸಿಕ್ಕಿಲ್ಲ. ಪ್ರಯತ್ನಪಟ್ಟ ಗಿರಾಕಿಗಳನ್ನು ಕಂಡಿದ್ದೇನೆ.

ಇನ್ನು ಆ ಹಡಗಿನ ಡಾಕ್ಟರು, ಮೆಕಾಯ್. ಮೊಟ್ಟಮೊದಲು ಪ್ರಸಾರವಾದ ಕಂತಿನಲ್ಲಿ ಉಪ್ಪಿಗಾಗಿ ಹಪಹಪಿಸುವ ಪ್ರಾಣಿಯೊಂದಿತ್ತು. ಮೇಜಿನ ಮೇಲಿಡಲೆಂದು ಸಾಮಗ್ರಿಯವರು ಚಿತ್ರವಿಚಿತ್ರ ಆಕಾರದ ಉಪ್ಪಿನ ಡಬ್ಬಿಗಳನ್ನು ಕೊಂಡು ತಂದರು. ಇವು ಉಪ್ಪಿನ ಡಬ್ಬಿ ಎಂದು ನೋಡುವವರಿಗೆ ಗೊತ್ತಾಗುವುದೇ ಇಲ್ಲವಲ್ಲ ಎಂದು ಆಮೇಲೆ ಹೊಳೆಯಿತು. ಎಸೆಯಲು ಮನಸ್ಸಿಲ್ಲ. ಡಾಕ್ಟರ ಕೈಗೆ ಕೊಟ್ಟು ಶಸ್ತ್ರಚಿಕಿತ್ಸೆಯ ಉಪಕರಣ ಎಂದರು. ಇಪ್ಪತ್ತಮೂರನೆಯ ಶತಮಾನದ ವೈದ್ಯಕೀಯ ನಡೆದದ್ದು ಹೀಗೆ. ನನ್ನ ಡಾಕ್ಟರೂ ಬಿ.ಪಿ. ನೋಡಿದಾಗಲೆಲ್ಲ ಉಪ್ಪಿನ ಡಬ್ಬಿಯ ವಿಷಯ ತೆಗೆಯುತ್ತಾರೆ, ಆದರೆ ಅದರಲ್ಲಿ ಕಲ್ಪನೆಯ ಅಂಶ ಕಮ್ಮಿ.

ಬ್ರಿಟನ್ನಿನ ಬಿಬಿಸಿ ಇದಕ್ಕೂ ಮೂರು ವರ್ಷ ಮೊದಲೇ, ಇನ್ನೂ ಕಡಿಮೆ ದುಡ್ಡಿನಲ್ಲಿ ‘ಡಾಕ್ಟರ್ ಹೂ’ ಶುರುಮಾಡಿತ್ತು. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಯಂತ್ರ ಹೋದಲ್ಲೆಲ್ಲ ವೇಷ ಬದಲಿಸಬೇಕು. ಪ್ರತಿ ಸಲ ಹೊಸ ವೇಷ ಕಟ್ಟಲು ಯಾರ ಹತ್ತಿರ ಹಣವಿದೆ? ವೇಷ ಬದಲಿಸುವ ಭಾಗ ಕೆಟ್ಟಿದೆ ಎಂದು ಕಥೆಯಲ್ಲೇ ಹೇಳಿಸಿ, ಲಂಡನ್ನಿನ ಪೊಲೀಸ್ ಪೆಟ್ಟಿಗೆಯ ರೂಪದಲ್ಲೇ ಅದನ್ನು ಖಾಯಂ ಮಾಡಿದರು. ನಾಯಕ ವಿಲಿಯಂ ಹಾರ್ಟ್‌ನೆಲ್ ಆರೋಗ್ಯ ಕೆಟ್ಟಿತು. ಕಥೆಯ ನಾಯಕನಾದ ಅನ್ಯಗ್ರಹಜೀವಿ ಸಾಯುವ ಬದಲು ಹೊಸ ದೇಹ ತಳೆಯುತ್ತದೆ ಎಂದು 1966ರಲ್ಲಿ ಪ್ಯಾಟ್ರಿಕ್ ಟ್ರೌಟನ್‌ನನ್ನು ನಿಲ್ಲಿಸಿದರು. ಆ ಒಂದು ಉಪಾಯದಿಂದ ಧಾರಾವಾಹಿ ಇವತ್ತಿಗೂ ಬದುಕಿದೆ. ನಮ್ಮ ಮೆಗಾ ಧಾರಾವಾಹಿಗಳಲ್ಲಿ ‘ಇನ್ನು ಮುಂದೆ ಈ ಪಾತ್ರದಲ್ಲಿ’ ಎಂಬ ಪಟ್ಟಿ ಹಾಕಿ ಸೊಸೆಯನ್ನೇ ಬದಲಾಯಿಸುತ್ತಾರೆ. ಕಾರಣ ಹೇಳುವ ಸೌಜನ್ಯವಾದರೂ ಬಿಬಿಸಿಯವರಲ್ಲಿತ್ತು. ಅವರ ಧಾರಾವಾಹಿಯಲ್ಲಿ ವಿಶ್ವವನ್ನೇ ನಿರ್ನಾಮ ಮಾಡಲು ಹೊರಟ ಡಾಲೆಕ್ ಎಂಬ ಖಳರ ಒಂದು ಕೈಯಲ್ಲಿರುವುದು ಸಿಂಕು ಕಟ್ಟಿಕೊಂಡಾಗ ಒತ್ತುವ ರಬ್ಬರ್ ಬಟ್ಟಲು. ಇವತ್ತಿನ ಕೋಟಿಗಟ್ಟಲೆಯ ಗ್ರಾಫಿಕ್ಸ್ ಭೂತಗಳಿಗಿಂತ ನನಗೆ ಅದೇ ಹೆಚ್ಚು ಭಯ. ಅಷ್ಟು ಕಡಿಮೆ ಸಲಕರಣೆಯಲ್ಲಿ ವಿಶ್ವ ಗೆಲ್ಲುತ್ತೇನೆ ಎನ್ನುವವನ ಆತ್ಮವಿಶ್ವಾಸ ಸಾಮಾನ್ಯದ್ದೇ?

ಎಂಬತ್ತರ ದಶಕದಲ್ಲಿ ದೂರದರ್ಶನ ಭಾನುವಾರ ಬೆಳಗ್ಗೆ ಸ್ಟಾರ್ ಟ್ರೆಕ್ ತೋರಿಸುತ್ತಿತ್ತು. ನಾವು ಹುಡುಗರು ಬಾಯಿ ತೆರೆದು ಕೂತಿದ್ದರೆ ಹಿಂದೆ ಅಜ್ಜಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಮನುಷ್ಯರು ಕರಗಿ ಮಾಯವಾಗುವುದು ಅವರಿಗೆ ಏನೇನೂ ಅನ್ನಿಸಲಿಲ್ಲ. “ಅಂತರ್ಧಾನ ಆದ್ರು, ಅಷ್ಟೇ ತಾನೆ? ನಾರದರು ಇಷ್ಟು ಗಲಾಟೆ ಮಾಡಲ್ವಪ್ಪ.” ಅದರಲ್ಲಿ ಬರುವ ಸ್ಪಾಕ್ ಎಂಬ ಪಾತ್ರದ ಚೂಪು ಕಿವಿ ನೋಡಿ ಮಾತ್ರ, ಕಡುಕು ಹಾಕಿದರೆ ಚೆನ್ನಾಗಿರುತ್ತೆ ಎಂದರು. ಆಮೇಲೆ ನಮ್ಮದೇ ‘ಸ್ಪೇಸ್ ಸಿಟಿ ಸಿಗ್ಮಾ’ ಬಂತು, 1998ರಲ್ಲಿ ಮಿಲಿಂದ್ ಸೋಮನ್‌ನ ‘ಕ್ಯಾಪ್ಟನ್ ವ್ಯೋಮ್’ ಬಂತು. ಗ್ರಾಫಿಕ್ಸ್ ನೋಡಿ ನಗುವವರು ನಗಲಿ. ನಾನು ಅವುಗಳ ಪಕ್ಷ.

ಆಟಗಳ ಕಥೆಯೂ ಇದೇ. 1985ರ ಸೂಪರ್ ಮಾರಿಯೊ ಇಡೀ ಆಟ ಹಿಡಿಸಿದ್ದು 40 ಕಿಲೋಬೈಟಿನಲ್ಲಿ. ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಬೆಳಗಾಗುವ ಮೊದಲೇ ಬರುವ ಒಂದು ಗುಲಾಬಿ ಹೂವಿನ ‘ಶುಭೋದಯ’ ಅದಕ್ಕಿಂತ ದಪ್ಪಗಿರುತ್ತದೆ. ಜಾಗ ಉಳಿಸಲು ಆಟದ ಮೋಡವನ್ನೂ ಪೊದೆಯನ್ನೂ ಒಂದೇ ಚಿತ್ರದಿಂದ ಮಾಡಿದ್ದಾರೆ; ಮೇಲಿದ್ದರೆ ಬಿಳಿ, ಕೆಳಗಿದ್ದರೆ ಹಸಿರು. ಅದಕ್ಕೂ ಮುಂಚೆ, 1981ರ ‘ಡಾಂಕಿ ಕಾಂಗ್’ ಆಟದಲ್ಲಿ ಮಾರಿಯೊ ಮೊದಲ ಸಲ ಬಂದಾಗ, ಅಷ್ಟು ಕೆಲವೇ ಚುಕ್ಕೆಗಳಲ್ಲಿ ಬಾಯಿ ಬರೆಯಲಾಗದೆ ಶಿಗೆರು ಮಿಯಾಮೊಟೊ ಮೀಸೆ ಇಟ್ಟರು, ಕೂದಲು ಬರೆಯಲಾಗದೆ ಟೋಪಿ ಹಾಕಿದರು. 1978ರ ‘ಸ್ಪೇಸ್ ಇನ್‌ವೇಡರ್ಸ್’ ಇನ್ನೂ ಸೊಗಸು. ಶತ್ರುಗಳು ಸತ್ತಂತೆಲ್ಲ ಉಳಿದವರು ವೇಗವಾಗಿ ನುಗ್ಗಿ ಬರುತ್ತಾರೆ. ಯಾರೂ ಹಾಗೆಂದು ಯೋಜಿಸಿರಲಿಲ್ಲ. ಚಿತ್ರಿಸಬೇಕಾದವರ ಸಂಖ್ಯೆ ಇಳಿದಂತೆ ಆ ಬಡಪಾಯಿ ಪ್ರೊಸೆಸರ್ ಉಸಿರಾಡುವಂತಾಗಿ ಓಡುತ್ತಿತ್ತು, ಅಷ್ಟೆ. ರೂಪಿಸಿದ ಟೊಮೊಹಿರೊ ನಿಶಿಕಾಡೊ ಅದನ್ನು ಸರಿಪಡಿಸುವ ಗೋಜಿಗೆ ಹೋಗದೆ ಹಾಗೇ ಬಿಟ್ಟ. ನಮ್ಮ ಆಫೀಸಿನಲ್ಲಿ ಜನ ಕಡಿಮೆಯಾದರೆ ಉಳಿದವರು ಇನ್ನೂ ನಿಧಾನವಾಗುತ್ತಾರೆ. ಜಪಾನಿನಲ್ಲಿ ಎಲ್ಲವೂ ಬೇರೆ.

ಇಂಜಿನಿಯರಿಂಗ್ ಓದುವ ಮಗನಿಗೆ ಈ ಪುರಾಣ ಕೇಳಿ ಸಾಕಾಗಿದೆ. ಅವನ ಆಟಗಳು ನೂರು ಗಿಗಾಬೈಟಿನವು. ಅವುಗಳಲ್ಲಿ ಹುಲ್ಲಿನ ಎಸಳೂ ಗಾಳಿಗೆ ಬೇರೆಬೇರೆಯಾಗಿ ಅಲುಗುತ್ತದಂತೆ. ಆ ಹುಲ್ಲು ಸರಿಯಾಗಿ ಅಲುಗಲು ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕೆಂದು ಅರ್ಜಿ ಹಾಕಿದ್ದಾನೆ. ಅದರ ಬೆಲೆಗೆ ನಿಜವಾದ ಹುಲ್ಲಿನ ಜತೆ ಹಸುವೂ ಬರುತ್ತದೆ ಎಂದು ನಾನು ಷರಾ ಬರೆದು ವಾಪಸ್ ಕಳಿಸಿದ್ದೇನೆ.

ಕಳೆದ ಭಾನುವಾರ ಮಧ್ಯಾಹ್ನ ಅವನನ್ನು ಕರೆದು ಬೇರೊಂದು ಆಟ ತೋರಿಸಿದೆ. 1971ರಲ್ಲಿ ಕ್ಯಾಲಿಫೋರ್ನಿಯಾದ ಮೈಕ್ ಮೇಫೀಲ್ಡ್ ಎಂಬ ಹೈಸ್ಕೂಲ್ ಹುಡುಗ ಸ್ಟಾರ್ ಟ್ರೆಕ್ಕಿನ ಹುಚ್ಚಿಗೆ ಬೇಸಿಕ್ ಭಾಷೆಯಲ್ಲಿ ಬರೆದದ್ದು. ಧಾರಾವಾಹಿ ನಿಂತು ಎರಡು ವರ್ಷವಾಗಿತ್ತು; ಹುಚ್ಚು ಇಳಿದಿರಲಿಲ್ಲ. ಆಗ ಪರದೆಯೂ ಇಲ್ಲ. ಟೆಲಿಟೈಪ್ ಯಂತ್ರ ಪ್ರತಿ ನಡೆಯನ್ನೂ ಕಾಗದದ ಮೇಲೆ ಕುಟ್ಟಿ ಕೊಡಬೇಕು. 1973ರಲ್ಲಿ ಡೇವಿಡ್ ಆಲ್ ತಂದ ಬೇಸಿಕ್ ಆಟಗಳ ಪುಸ್ತಕದಲ್ಲಿ ಇದು ಅಚ್ಚಾಯಿತು. ಬೇಕಾದವರು ಪುಸ್ತಕ ನೋಡಿಕೊಂಡು ಒಂದೊಂದೇ ಸಾಲು ಟೈಪಿಸಿ, ತಮಗೆ ಬೇಕಾದಂತೆ ತಿದ್ದಿ ಆಡಿದರು. ತಂತ್ರಾಂಶ ಕೆದಕುವುದು, ಧಾರಾವಾಹಿ, ಆಟ, ಮೂರೂ ಒಂದೇ ಕಡೆ. ನನ್ನ ಮಟ್ಟಿಗೆ ಅದು ತ್ರಿವೇಣಿ ಸಂಗಮ.

ಆಕಾಶಗಂಗೆ ಎಂದರೆ ಎಂಟೆಂಟಲಿ ಅರವತ್ತನಾಲ್ಕು ಚೌಕ. ನಮ್ಮ ಹಡಗು ಎರಡು ಕೋನಾವರಣಗಳ ನಡುವೆ ಒಂದು ನಕ್ಷತ್ರಚಿಹ್ನೆ; ಶತ್ರು ಎಂದರೆ ಮೂರು ಪ್ಲಸ್ ಗುರುತು. ಅಕ್ಕಪಕ್ಕದ ಚೌಕಗಳಲ್ಲಿ ಏನಿದೆ ಎಂಬುದು ಮೂರಂಕಿಯ ಸಂಖ್ಯೆಯಲ್ಲಿ ಗೊತ್ತಾಗುತ್ತದೆ. 207 ಎಂದರೆ ಇಬ್ಬರು ಶತ್ರುಗಳು, ನೆಲೆ ಇಲ್ಲ, ಏಳು ನಕ್ಷತ್ರ. ಅಂಕಿ ನೋಡಿ ಎದೆ ಢವಗುಟ್ಟುವುದು ನನಗೆ ಕಸುಬಿನಿಂದಲೇ ಬಂದದ್ದು. ಮಗ ಮೊದಲು ನಕ್ಕ. “ಅಪ್ಪಾ, ಇದು ಎಕ್ಸೆಲ್ ಶೀಟು.” ಹತ್ತು ನಿಮಿಷಕ್ಕೆ ಕುರ್ಚಿ ಎಳೆದುಕೊಂಡ. ಅರ್ಧ ಗಂಟೆಗೆ ಕೀಬೋರ್ಡ್ ಕಿತ್ತುಕೊಂಡ. “ಸೇವ್ ಮಾಡೋದು ಎಲ್ಲಿ?” ಎಂದ. ಸೇವ್ ಇಲ್ಲ ಎಂದೆ. ಆಮೇಲೆ ಅವನು ಮಾತೇ ಆಡಲಿಲ್ಲ.

ಸಂಜೆ ಹೋಗಿ ಕತ್ತಲಾಯಿತು. ಇಂಧನ ತಳ ಕಂಡಿತ್ತು, ಗಡುವು ಹತ್ತಿರವಾಗಿತ್ತು, ಉಳಿದದ್ದು ಒಬ್ಬನೇ ಶತ್ರು. ಊಟಕ್ಕೆ ಕೂಗಿ ಕೂಗಿ ಸಾಕಾದ ಹೆಂಡತಿ ಸೌಟು ಹಿಡಿದೇ ಬಂದು ಇಬ್ಬರ ಹಿಂದೆ ನಿಂತಳು.

“ಹುಡುಗನಿಗೂ ಆಡಿಟ್ ಹಚ್ಚಿಬಿಟ್ರಾ? ಏನದು ನೂರು?”

“ಅಲ್ಲೊಬ್ಬ ಶತ್ರು ಇದ್ದಾನಮ್ಮ.”

ಅವಳು ಒಂದು ಗಳಿಗೆ ಪರದೆಯನ್ನೇ ನೋಡಿದಳು. “ಸರಿ, ಅವನೊಬ್ಬನನ್ನ ಹೊಡೆದು ಬನ್ನಿ. ಸಾರು ಇನ್ನೊಂದ್ಸಲ ಬಿಸಿ ಮಾಡಲ್ಲ.”