ಟೋನಾಚಾರ್ಯರು

ಬೆಂಗಳೂರಿನ ಪಶ್ಚಿಮ ದಿಕ್ಕಿನ ಪ್ರತಿ ಬಡಾವಣೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ವಿಜಯನಗರದಲ್ಲಿ ಒಬ್ಬರು, ಬಸವೇಶ್ವರನಗರದಲ್ಲಿ ಇಬ್ಬರು ಇದ್ದಾರೆಂದು ಕೇಳಿದ್ದೇನೆ. ಮಹಾಲಕ್ಷ್ಮಿ ಲೇಔಟಿನ ಪಾಲಿಗೆ ಬಂದವರು ನಮ್ಮ ಎದುರುಮನೆಯಲ್ಲೇ ಇದ್ದಾರೆ. ಬ್ಯಾಂಕಿನಿಂದ ನಿವೃತ್ತರು. ಹಣೆಯಲ್ಲಿ ಆಂಜನೇಯನ ಸಿಂಧೂರ, ಜೇಬಿನಲ್ಲಿ ಪೆನ್ನಿನ ಜಾಗಕ್ಕೆ ಸ್ಕ್ರೂಡ್ರೈವರ್. ಮನೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಇದೆ. ಅದರಲ್ಲಿ ಪಲ್ಲವಿಯಿಂದ ಕೊನೆಯ ಚರಣದವರೆಗೆ ಒಂದು ಹಾಡು ಕೇಳಿದವರು ಮಾತ್ರ ಇಲ್ಲ. ಹಾಡಿಗೆ ಮೊದಲು ಟೋನ್ ಸಿಗಬೇಕಂತೆ. ಟೋನ್ ಸಿಗಬೇಕಾದರೆ ಪಿಕಪ್ ಬದಲಿಸಬೇಕಂತೆ. ಬೀದಿಯ ಹುಡುಗರು ಅವರಿಗೆ ಟೋನಾಚಾರ್ಯರು ಅಂತ ಹೆಸರಿಟ್ಟಿದ್ದಾರೆ. ಅವರಿಗದು ಗೊತ್ತು, ಬಿರುದು ಅಂದುಕೊಂಡಿದ್ದಾರೆ.

ಬೆಳಗ್ಗೆ ಹಾಲು ಕೊಂಡು ಬರುವ ನನ್ನನ್ನು ಗೇಟಿನಲ್ಲೇ ಹಿಡಿಯುತ್ತಾರೆ. ಪಾಠ ಪಿಕಪ್ಪಿನದು. ಗಿಟಾರಿನ ತಂತಿಗಳ ಕೆಳಗೆ ಆಯಸ್ಕಾಂತ. ಅದರ ಸುತ್ತ ತಲೆಗೂದಲಿನಷ್ಟು ಸಣ್ಣ ತಾಮ್ರದ ತಂತಿ, ಏಳೆಂಟು ಸಾವಿರ ಸುತ್ತು. ಮೇಲೆ ಉಕ್ಕಿನ ತಂತಿ ಕಂಪಿಸಿದರೆ ಕೆಳಗೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಪಿಕಪ್ ಅಂದರೆ ಇಷ್ಟೇ. ಈ ಇಷ್ಟೇ ವಿಷಯವನ್ನು ಅವರು ಕೈಯಲ್ಲಿರುವ ಹಾಲು ಒಡೆಯುವ ತನಕ ಹೇಳಬಲ್ಲರು. "ನೋಡಿ ರಾಯರೇ, 1954ರಲ್ಲಿ ಫೆಂಡರ್‌ನವರು ಸ್ಟ್ರ್ಯಾಟೊಕ್ಯಾಸ್ಟರ್ ತಂದರು. ಮೂರು ಪಿಕಪ್, ಮೂರೂ ಸಿಂಗಲ್ ಕಾಯಿಲ್. ನಾದ ತಿಳಿ, ಆದರೆ ಕರೆಂಟಿನ ಗುಂಯ್‌ಗುಡುವಿಕೆ ಜೊತೆಗೇ ಬರುತ್ತೆ. ಮರುವರ್ಷ ಗಿಬ್ಸನ್ ಕಂಪನಿಯ ಸೆತ್ ಲವರ್ ಏನು ಮಾಡಿದ? ಎರಡು ಸುರುಳಿ ಪಕ್ಕಪಕ್ಕ ಇಟ್ಟು ಒಂದನ್ನು ಉಲ್ಟಾ ಜೋಡಿಸಿದ. ಗುಂಯ್ ಗುಂಯ್ ಹೊಡೆದಾಡಿ ಸತ್ತವು, ನಾದ ಉಳೀತು. ಅದೇ ಹಂಬಕರ್!" ಆಯಸ್ಕಾಂತಗಳಲ್ಲಿ ಅಲ್ನಿಕೊ 2 ಮೃದು, ಅಲ್ನಿಕೊ 5 ಚುರುಕು, ಸೆರಾಮಿಕ್ ಒರಟು ಎಂಬಲ್ಲಿಗೆ ಬರುವ ಹೊತ್ತಿಗೆ ನನ್ನ ಹೆಂಡತಿ ಮಹಡಿಯಿಂದ ಕೂಗಿರುತ್ತಾಳೆ.

ನಾನು ಕೇಳಿಸಿಕೊಳ್ಳುವುದು ಸಜ್ಜನಿಕೆಯಿಂದಲ್ಲ. ನನ್ನ ಹತ್ತಿರವೂ ಕೋಲ್ಕತ್ತಾದ ಒಂದು ಗಿವ್ಸನ್ ಇದೆ, ಪಿಕಪ್ಪಿನ ಹಂಗಿಲ್ಲದ ಮರದ ಗಿಟಾರು. ವೆಸ್ಟ್ ಆಫ್ ಕಾರ್ಡ್ ರೋಡಿನ ಪಕ್ಕದಲ್ಲೇ ಬಾಳಿದರೂ ನನಗೆ ಬರುವ ಕಾರ್ಡು ನಾಲ್ಕೇ, ಅದರಲ್ಲೂ ಎಫ್ ಹಿಡಿದರೆ ಬೆರಳಿನ ಜೊತೆ ಕೇಳುವವರ ಮುಖವೂ ಸೊಟ್ಟಗಾಗುತ್ತದೆ. ಇಂಥವನಿಗೆ ಟೋನಿನ ಪಾಠ ಹೇಳುವವರೂ ಬೇಕಲ್ಲ.

ಒಮ್ಮೆ ಅವರಿಗೆ ಅಂಗಡಿಯ ಪಿಕಪ್ಪೆಲ್ಲ ಸಾಕಾಗಿ, ತಾವೇ ಸುತ್ತಿಸುವ ಹುಕಿ ಬಂತು. ಕಾಮಾಕ್ಷಿಪಾಳ್ಯದ ಮೋಟಾರ್ ವೈಂಡಿಂಗ್ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದರು. ಅಂಗಡಿಯವನು ಬಾಬಿನ್ ತಿರುಗಿಸಿ ನೋಡಿ, "ಎಷ್ಟು ಎಚ್‌ಪಿ ಸಾರ್?" ಅಂದ. "ಎಚ್‌ಪಿ ಅಲ್ಲಪ್ಪಾ, ಎಂಟು ಕಿಲೋ ಓಮ್." ಅವನು ತಲೆ ಕೆರೆದುಕೊಂಡು, "ಅದಿರಲಿ, ನೀರು ಎಷ್ಟನೇ ಮಹಡಿಗೆ ಏರಬೇಕು?" ಅಂತ ಕೇಳಿದ. ವಾಪಸು ಬರುವಾಗ ದಾರಿಯುದ್ದಕ್ಕೂ ಆಚಾರ್ಯರು ಮೌನ. ಅಂಥ ನೆಮ್ಮದಿ ನನಗೆ ಮತ್ತೆ ಸಿಕ್ಕಿಲ್ಲ.

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ಒಂದು ನವೆಂಬರಿನ ರಾಜ್ಯೋತ್ಸವದ ಆರ್ಕೆಸ್ಟ್ರಾ. ಬೀದಿಗೆ ಶಾಮಿಯಾನ, ಮರಮರಕ್ಕೂ ಸೀರಿಯಲ್ ಸೆಟ್ಟು, ಮೂಲೆಯಲ್ಲಿ ಜನರೇಟರ್. ಲೀಡ್ ಗಿಟಾರ್ ಟೋನಾಚಾರ್ಯರದ್ದು, ರಿದಂ ನನ್ನ ನಾಲ್ಕು ಕಾರ್ಡು. ತಿಂಗಳಿಡೀ ಹಂಬಕರ್ ಹಾಕಿಕೊಂಡು ಅಭ್ಯಾಸ ಮಾಡಿದ್ದ ಮನುಷ್ಯ, ಹಿಂದಿನ ರಾತ್ರಿ "ಯಾಕೋ ಮೆರುಗು ಸಾಲದು" ಎಂದು ಅದನ್ನು ಕಿತ್ತು, ಬೆಳಗಿನ ಜಾವದವರೆಗೆ ಬೆಸುಗೆ ಹಾಕಿ ಸಿಂಗಲ್ ಕಾಯಿಲ್ ಕೂರಿಸಿಕೊಂಡು ಬಂದಿದ್ದರು. ವೇದಿಕೆಯಲ್ಲಿ ಆಂಪ್ಲಿಫೈಯರಿಗೆ ವೈರ್ ಸಿಕ್ಕಿಸಿದ್ದೇ ತಡ, ಬೀದಿಯ ಅಷ್ಟೂ ಕರೆಂಟು ಗಿಟಾರಿನೊಳಗೆ ನುಗ್ಗಿ ಗುಂಯ್ ಅಂತು. ಧ್ವಜವಂದನೆಗೆ ಎದ್ದಿದ್ದ ಮುಖ್ಯ ಅತಿಥಿಗಳು ಬೆಚ್ಚಿ ಮತ್ತೆ ಕೂತರು.

ಸೀರಿಯಲ್ ಸೆಟ್ ಆರಿಸಿ ಎಂದು ಆಚಾರ್ಯರು, ತಾಯಿ ಭುವನೇಶ್ವರಿಯನ್ನು ಕತ್ತಲಲ್ಲಿ ಕೂರಿಸುವುದಾ ಎಂದು ಉತ್ಸವ ನಡೆಸುತ್ತಿದ್ದ ಸಂಘದವರು. ಈ ಜಗಳದ ನಡುವೆ ಟೋನಾಚಾರ್ಯರು ಗಿಟಾರ್ ತಗುಲಿಸಿಕೊಂಡೇ ನಿಧಾನಕ್ಕೆ ಸುತ್ತತೊಡಗಿದರು. ಸಿಂಗಲ್ ಕಾಯಿಲ್ ಆಂಟೆನಾ ಇದ್ದ ಹಾಗೆ. ಒಂದು ದಿಕ್ಕಿಗೆ ಗದ್ದಲ ಹಿಡಿಯುತ್ತದೆ, ಇನ್ನೊಂದು ದಿಕ್ಕಿಗೆ ಬಿಡುತ್ತದೆ. ಸುತ್ತಿ ಸುತ್ತಿ, ಸರಿಯಾಗಿ ಇಸ್ಕಾನ್ ಗುಡ್ಡದ ಕಡೆಗೆ ಮುಖ ಬಂದಾಗ ಗುಂಯ್ ನಿಂತಿತು. ಆಚಾರ್ಯರು ಅಲ್ಲೇ ಕಾಲೂರಿದರು. ಜನಕ್ಕೆ, ಅತಿಥಿಗಳಿಗೆ, ನಾಡದೇವಿಗೆ ಬೆನ್ನು ತೋರಿಸಿಕೊಂಡು ಮೂರು ಹಾಡು ಅರ್ಧರ್ಧ ನುಡಿಸಿದರು. ಹೀಗೆ ಬೆನ್ನು ಹಾಕಿದ್ದು ಯಾವ ಬೇಡಿಕೆಗೆ ಎಂದು ಸಂಘದ ಅಧ್ಯಕ್ಷರು ನನ್ನನ್ನು ಕೇಳಿದರು. ಮುಂದಿನ ಸಾಲಿನ ಅಜ್ಜಿಯೊಬ್ಬರು ಮಾತ್ರ ಕೈಮುಗಿದು, "ಏನು ಭಕ್ತಿನಪ್ಪಾ, ಕೃಷ್ಣನ ಕಡೆಗೇ ಮುಖ ಮಾಡಿ ನುಡಿಸ್ತಾನೆ" ಅಂದರು. ಸಿಟ್ಟಿನಲ್ಲಿ ನನಗೆ ಇದ್ದ ನಾಲ್ಕು ಕಾರ್ಡಿನಲ್ಲಿ ಎರಡು ಮರೆತೇ ಹೋದವು. ಯಾರಿಗೂ ಗೊತ್ತಾಗಲಿಲ್ಲ ಎಂಬುದು ಬೇರೆ ನೋವು.

ಅವರು ಹುಡುಕುತ್ತಿರುವ ಟೋನ್ ಯಾವುದೆಂದು ತಿಳಿದ ಮೇಲೆ ಆ ಸಿಟ್ಟು ಸ್ವಲ್ಪ ಇಳಿಯಿತು. 1981ರ ಶಂಕರ್ ನಾಗ್ ಚಿತ್ರ 'ಗೀತಾ', ಸಂಗೀತ ಇಳಯರಾಜಾ. ಅದರ ಹಾಡುಗಳಲ್ಲಿ ಕೇಳಿದ ಗಿಟಾರು ಇವರ ಎದೆಯಲ್ಲಿ ಕೂತುಬಿಟ್ಟಿದೆ. ಆಗಿವರು ಕಾಲೇಜು ಹುಡುಗ. ಕೇಳಿದ್ದು ಗೆಳೆಯನ ಟೇಪ್ ರೆಕಾರ್ಡರಿನಲ್ಲಿ, ತಿಕ್ಕಿ ತಿಕ್ಕಿ ಸವೆದ ಕ್ಯಾಸೆಟ್ಟಿನಲ್ಲಿ. ಆ ಸವೆತವೂ ಸೇರಿಯೇ ಅವರ ಟೋನು. ಅದನ್ನು ಯಾವ ಕಂಪನಿ ಸುತ್ತಿ ಕೊಟ್ಟೀತು? ಮೇಲಾಗಿ, ವಯಸ್ಸಾದಂತೆ ಕಿವಿ ಮೊದಲು ಬಿಟ್ಟುಕೊಡುವುದು ಮೇಲಿನ ಸೂಕ್ಷ್ಮ ಸ್ವರಗಳನ್ನೇ. ಸಿಂಗಲ್ ಕಾಯಿಲಿನ ಮೆರುಗು ಇರುವುದೂ ಅಲ್ಲೇ. ಮೆರುಗು ಸಾಲದು ಎಂದು ಪ್ರತಿವರ್ಷ ಗಿಟಾರ್ ಬಿಚ್ಚುವವರ ಮುಂದೆ ಈ ಮಾತನ್ನು ಆಡುವುದು ಹೇಗೆ? ನಾನಂತೂ ಆಡಿಲ್ಲ.

ಕಿತ್ತ ಪಿಕಪ್ಪುಗಳು ಮೈಸೂರ್ ಸ್ಯಾಂಡಲ್ ಸೋಪಿನ ಡಬ್ಬಿಗಳಲ್ಲಿ, ಚೀಟಿ ಅಂಟಿಸಿಕೊಂಡು ಮಲಗಿವೆ. ಕುರುಬರಹಳ್ಳಿಯ ಹುಡುಗನೊಬ್ಬ ಅಗ್ಗದ ಗಿಟಾರ್ ತಂದು, ಶ್ರುತಿ ನಿಲ್ಲುತ್ತಿಲ್ಲ ಅಂತ ಅತ್ತುಕೊಂಡ. ಆಚಾರ್ಯರು ತಂತಿಗೆ ತಾಗುವಂತಿದ್ದ ಪಿಕಪ್ಪನ್ನು ಸ್ಕ್ರೂ ತಿರುಗಿಸಿ ಕೆಳಗಿಳಿಸಿದರು. ಹತ್ತಿರವಿದ್ದರೆ ಆಯಸ್ಕಾಂತ ತಂತಿಯನ್ನೇ ಎಳೆಯುತ್ತದಂತೆ. ಆಮೇಲೆ ಒಂದು ಡಬ್ಬಿ ತೆಗೆದು, "ಬ್ರಿಡ್ಜ್ ಹತ್ತಿರ ಇದು ಹಾಕು, ನಿನ್ನ ಕೈಗೆ ಸರಿಹೋಗುತ್ತೆ" ಎಂದು ತಾವೇ ಬೆಸುಗೆ ಹಾಕಿಕೊಟ್ಟರು. ಒಂದು ಪೈಸೆ ಮುಟ್ಟಲಿಲ್ಲ. ಆ ಹುಡುಗ ಈಗ ಮದುವೆ ರಿಸೆಪ್ಶನ್ನುಗಳಲ್ಲಿ ನುಡಿಸುತ್ತಾನೆ, ಪೂರ್ತಿ ಹಾಡುಗಳನ್ನೇ. ತಮಗಾಗಿ ಎಂದೂ ತೀರ್ಮಾನಿಸಲಾರದ ಮನುಷ್ಯ ಪರರಿಗೆ ಅರ್ಧ ಗಂಟೆಯಲ್ಲಿ ತೀರ್ಮಾನಿಸುತ್ತಾರೆ, ಅದೂ ಸರಿಯಾಗಿ.

ಆದ್ದರಿಂದ ಗಿಟಾರ್ ನುಡಿಸುವವರಲ್ಲಿ ಒಂದು ವಿನಂತಿ. ಟೋನ್ ಸರಿಯಿಲ್ಲ ಅನ್ನಿಸಿದರೆ ಮೊದಲು ತಂತಿ ಬದಲಿಸಿ. ಪಿಕಪ್ ಮತ್ತು ತಂತಿಯ ನಡುವೆ ಎರಡು ಮೂರು ಮಿಲಿಮೀಟರ್ ಬಿಟ್ಟು ನೋಡಿ. ಸ್ಕ್ರೂ ತಿರುಗಿಸಲು ಖರ್ಚಿಲ್ಲ. ಆಮೇಲೂ ಸಮಾಧಾನವಾಗದಿದ್ದರೆ ನಮ್ಮ ಬೀದಿಗೆ ಬನ್ನಿ, ಎದುರುಮನೆಯ ಗೇಟು ಸದಾ ತೆರೆದಿರುತ್ತದೆ. ಬರುವಾಗ ಹಾಲು ಮಾತ್ರ ತರಬೇಡಿ.